ಹೂವಿಗೆ ಮುಂಚಿನ ಗುರುತು

ಬೆರಕೆ ಸೊಪ್ಪಿನ ಸಾರಿಗೆ ಅಡುಗೆ ಪುಸ್ತಕದಲ್ಲಿ ಅಳತೆ ಹುಡುಕಬೇಡಿ. ಹೊಲದಲ್ಲಿ ಅವತ್ತು ಏನು ಎದ್ದಿದೆಯೋ ಅದೇ ಅಳತೆ. ಮಳೆ ಹಿಡಿದು ಹದಿನೈದು ದಿನ ಕಳೆದರೆ ಸಾಕು, ಮಳವಳ್ಳಿ ಕಡೆಯ ರಾಗಿ ಹೊಲದಲ್ಲಿ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು. ತಿಪ್ಪೆಯ ಮಗ್ಗುಲಲ್ಲಿ ಗಣಿಕೆ. ಬೇಲಿಯ ಬುಡದಲ್ಲಿ ಕೊಮ್ಮೆ. ಮದ್ದೂರು ಕಡೆಯ ಗದ್ದೆ ತೆವರಿಯ ಮೇಲೆ ಹೊನಗನ್ನೆ, ನಾಲೆ ಏರಿಯ ತೇವದಲ್ಲಿ ಒಂದೆಲಗ. ಒಂದೊಂದೂ ಒಂದೊಂದು ಹಿಡಿ ಮಡಿಲಿಗೆ ಬಿದ್ದು, ಮನೆಗೆ ಬಂದು, ಕಾಳಿನ ಜೊತೆ ಬೆಂದು, ಮುದ್ದೆಯ ಪಕ್ಕ ಕೂತುಬಿಟ್ಟರೆ ಆಮೇಲೆ ಯಾವುದು ಯಾವುದೆಂದು ಬೇಯಿಸಿದವಳೂ ಹೇಳಲಾರಳು. ಹೇಳಬೇಕಾದ್ದು ಅದಕ್ಕೆ ಮುಂಚೆ, ಸೊಪ್ಪು ಮೊರದ ಮೇಲಿದ್ದಾಗ.

ಹೋದ ವರ್ಷ ಆಷಾಢದಲ್ಲಿ ಊರಿಗೆ ಹೋದವನು, ನಾನೇ ಸೊಪ್ಪು ತರುತ್ತೇನೆಂದು ಹೊರಟೆ. ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ಗಿಡದ ಫೋಟೊ ತೆಗೆದರೆ ಹೆಸರು ಹೇಳುವ ಆಪ್ ಇತ್ತು. ಒಂದು ಟವಲ್ ತುಂಬ ತಂದು ದೊಡ್ಡವ್ವನ ಮುಂದೆ ಸುರಿದೆ. ಬೇರು ಸಮೇತ ತಂದದ್ದಕ್ಕೆ ಮೊದಲು ಬೈಸಿಕೊಂಡೆ. ಸೊಪ್ಪನ್ನು ಚಿವುಟಬೇಕು, ಕೀಳಬಾರದು. ಚಿವುಟಿದರೆ ಮತ್ತೆ ಕವಲೊಡೆಯುತ್ತದೆ. ಆಮೇಲೆ ಅವಳು ಮೊರ ಎಳೆದುಕೊಂಡು ಸೋಸಲು ಕೂತಳು. ಐದು ನಿಮಿಷದಲ್ಲಿ ಮೂರು ಗಿಡ ಮೊರದಾಚೆ ಬಿದ್ದವು.

“ಇದು ಉಮ್ಮತ್ತಿ. ಇದು ದೊಡ್ಡ ತಗಚೆ,” ಅಂದಳು. ಮೂರನೆಯದರ ಹೆಸರು ಹೇಳಲಿಲ್ಲ.

“ಅದ್ಯಾವ್ದು ದೊಡ್ಡವ್ವ?”

“ಅದಿರ್ಲಿ. ಸಾರಿಗೆ ಬ್ಯಾಡ.”

“ಹೂವಿಲ್ಲ, ಕಾಯಿಲ್ಲ. ಹೆಂಗ್ ಗೊತ್ತಾಯ್ತು ನಿಂಗೆ?”

“ಹೆಂಗೆ ಅಂದ್ರೆ? ಜಾತ್ರೇಲಿ ನಿನ್ನ ಬೆನ್ನು ಕಂಡ್ರೂ ನೀನೇ ಅಂತ ಗೊತ್ತಾಗಕಿಲ್ವಾ ಮಗ? ಅಂಗೆ.”

ಈ ಉತ್ತರದಲ್ಲಿ ಒಂದು ತೊಡಕಿದೆ. ಸಸ್ಯಶಾಸ್ತ್ರ ಗಿಡಗಳನ್ನು ಗುರುತು ಹಿಡಿಯುವುದು ಮುಖ್ಯವಾಗಿ ಹೂವಿನಿಂದ. 18ನೇ ಶತಮಾನದಲ್ಲಿ ಲಿನೇಯಸ್ ಕೇಸರಗಳನ್ನು ಎಣಿಸಿ ಗಿಡಗಳಿಗೆ ವರ್ಗ ಹಚ್ಚಿದ. ಇವತ್ತಿಗೂ ಗಿಡ ಗುರುತಿಸುವ ನಮ್ಮ ಪುಸ್ತಕಗಳು, 1976ರಲ್ಲಿ ಸಲ್ಡಾನ ಮತ್ತು ನಿಕಲ್ಸನ್ ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಹೊರತಂದ ಹೆಬ್ಬೊತ್ತಗೆಯೂ ಸೇರಿದಂತೆ, ಹೂವು ಕಾಯಿ ಕೈಯಲ್ಲಿದ್ದರೆ ಮಾತ್ರ ಸಲೀಸಾಗಿ ದಾರಿ ತೋರಿಸುತ್ತವೆ. ಸೊಪ್ಪಿನ ಸಂಗತಿ ಇದರ ತಿರುಗುಮುರುಗು. ಹೂವು ಬಿಟ್ಟ ಸೊಪ್ಪು ಬಲಿತದ್ದು, ನಾರಾದದ್ದು, ಸಾರಿಗೆ ಬಾರದ್ದು. ನಾವು ಕುಯ್ಯುವುದು ಎರಡೆಲೆಯಿಂದ ಹತ್ತೆಲೆಯ ಒಳಗೆ. ಪುಸ್ತಕ ಬಾಯಿ ತೆರೆಯುವ ಹೊತ್ತಿಗೆ ಸೊಪ್ಪಿನ ಕಾಲ ಮುಗಿದಿರುತ್ತದೆ. ವಿಷದ ಗಿಡವೂ ಸಭ್ಯವಾಗಿ ಕಾಣುವುದು ಅದೇ ಎಳೆತನದಲ್ಲಿ. ಬಿಳಿ ಕಹಳೆಯ ಹೂವು, ಮುಳ್ಳಿನ ಕಾಯಿ ಬಿಟ್ಟ ಉಮ್ಮತ್ತಿಯನ್ನು ಶಿವರಾತ್ರಿಗೆ ಹೂ ತರುವ ಹುಡುಗನೂ ಗುರುತಿಸುತ್ತಾನೆ. ಗೇಣುದ್ದದ, ಬರೀ ಎಲೆಯ ಉಮ್ಮತ್ತಿಯನ್ನು ಗುರುತಿಸುವವರು ಎಷ್ಟು ಜನ?

ನಾನು ತಂದ ಉಮ್ಮತ್ತಿ ಗಣಿಕೆಯ ಜೊತೆ ಬಂದಿತ್ತು. ಎರಡಕ್ಕೂ ತಿಪ್ಪೆ ಇಷ್ಟ. ಎರಡೂ ಬದನೆ, ಮೆಣಸಿನಕಾಯಿಗಳ ಕುಲದವು. ಹೆಸರಿನಲ್ಲೂ ನಂಟಿದೆ: ಉಮ್ಮತ್ತಿಗೆ ಕನ್ನಡ ನಿಘಂಟುಗಳು ಕೊಡುವ ಇನ್ನೊಂದು ಹೆಸರು ಮದ್ದುಗುಣಿಕೆ. ಮದ್ದು ಎಂದರೆ ನಮ್ಮಲ್ಲಿ ಔಷಧಿಯೂ ಹೌದು, ಸಿಡಿಯುವ ಪುಡಿಯೂ ಹೌದು, ಹಗೆಯ ಮನೆಯಲ್ಲಿ ಊಟಕ್ಕೆ ಬೆರೆಸುತ್ತಾರೆಂದು ಹೆದರುವ ಆ ವಸ್ತುವೂ ಹೌದು. ಉಮ್ಮತ್ತಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಅದರ ಬೇರು, ಎಲೆ, ಹೂವು, ಬೀಜ ಎಲ್ಲದರಲ್ಲೂ ಅಟ್ರೋಪಿನ್, ಸ್ಕೋಪಾಲಮೈನ್ ಎಂಬ ಕ್ಷಾರಗಳಿವೆ. ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸಲು ಹನಿ ಬಿಡುತ್ತಾರಲ್ಲ, ಆ ಹನಿಗಳಲ್ಲಿ ಅಟ್ರೋಪಿನ್ನೂ ಒಂದು. ಗದ್ದೆಗೆ ಹೊಡೆಯುವ ಕೀಟನಾಶಕ ಮೈಗೇರಿದವರನ್ನು ಆಸ್ಪತ್ರೆಗೆ ತಂದರೆ ಬದುಕಿಸಲು ಚುಚ್ಚುವುದೂ ಅನೇಕ ಸಲ ಇದನ್ನೇ. ಸಾರಿನಲ್ಲಿ ಹೊಟ್ಟೆಗೆ ಹೋದರೆ ಮಾತ್ರ ಕತೆ ಬೇರೆ. ಬಾಯಿ ಒಣಗುತ್ತದೆ, ಮೈ ಕೆಂಪಗೆ ಕಾಯುತ್ತದೆ ಆದರೆ ಬೆವರುವುದಿಲ್ಲ, ಎದೆ ಡವಗುಟ್ಟುತ್ತದೆ, ಪಾಪೆ ಹಿಗ್ಗಿ ಬೆಳಕು ಚುಚ್ಚುತ್ತದೆ, ಮೂತ್ರ ಕಟ್ಟುತ್ತದೆ. ಆಮೇಲೆ ಮನುಷ್ಯ ಇಲ್ಲದವರೊಡನೆ ಮಾತಾಡಲು, ಗಾಳಿಯಲ್ಲಿ ಏನನ್ನೋ ಹೆಕ್ಕಲು ಶುರು ಮಾಡುತ್ತಾನೆ. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕಿತೆಂದು ತಿಳಿದು ಹೊತ್ತು ಕಳೆಯುವ ಅಪಾಯವೂ ಇದೆ.

ಇದು ನಮ್ಮೂರಿನ ಪೆದ್ದುತನವಲ್ಲ. 1676ರಲ್ಲಿ ಅಮೆರಿಕದ ವರ್ಜೀನಿಯದಲ್ಲಿ ದಂಗೆ ಅಡಗಿಸಲು ಬಂದಿದ್ದ ಇಂಗ್ಲಿಷ್ ಸೈನಿಕರು ಜೇಮ್ಸ್‌ಟೌನಿನಲ್ಲಿ ಈ ಗಿಡದ ಎಳೆ ಸೊಪ್ಪನ್ನು ಕಿತ್ತು ಬೇಯಿಸಿ ತಿಂದರು. ಹನ್ನೊಂದು ದಿನ ಅವರಿಗೆ ಮೈಮೇಲೆ ಎಚ್ಚರವಿರಲಿಲ್ಲ. ಒಬ್ಬ ಗಾಳಿಗೆ ಗರಿ ಊದುತ್ತ ಕೂತರೆ ಇನ್ನೊಬ್ಬ ಅದಕ್ಕೆ ಹುಲ್ಲುಕಡ್ಡಿ ಎಸೆಯುತ್ತಿದ್ದನಂತೆ. ರಾಬರ್ಟ್ ಬೆವರ್ಲಿ 1705ರ ತನ್ನ ಇತಿಹಾಸದಲ್ಲಿ ಇದನ್ನು ಬರೆದಿಟ್ಟ. ಆ ಊರಿನ ಹೆಸರೇ ಸವೆದು ಗಿಡಕ್ಕೆ ಜಿಮ್ಸನ್ ಕಳೆ ಎಂಬ ಹೆಸರಾಯಿತು. ಅಷ್ಟು ಹಿಂದಕ್ಕೆ ಹೋಗುವುದೇ ಬೇಡ. 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಸೂಪರ್ ಮಾರ್ಕೆಟ್ಟುಗಳಲ್ಲಿ ಕೊಂಡ ಪ್ಯಾಕೆಟ್ಟಿನ ಪಾಲಕ್ ತಿಂದ ನೂರಕ್ಕೂ ಹೆಚ್ಚು ಜನ ಭ್ರಮೆ, ಎದೆಬಡಿತ ಎಂದು ನರಳಿದರು. ಪಾಲಕ್ ಹೊಲದಲ್ಲಿ ಎದ್ದ ಉಮ್ಮತ್ತಿ ಕುಲದ ಕಳೆಯೇ ಕಾರಣ. ಯಂತ್ರ ಕುಯ್ದಿತ್ತು, ಯಂತ್ರ ತೊಳೆದಿತ್ತು, ಯಂತ್ರ ಪ್ಯಾಕ್ ಮಾಡಿತ್ತು. ಮೊರದ ಮುಂದೆ ಕೂತು ಸೋಸುವವರು ಎಲ್ಲೂ ಇರಲಿಲ್ಲ.

ಇನ್ನು ಗುರುತು. ಗಣಿಕೆಯ ಎಲೆ ಮೆತ್ತಗೆ, ಚಿಕ್ಕದು, ಕಾಂಡ ಸಪೂರ. ಉಮ್ಮತ್ತಿ ಎಳೆಯದಾಗಿದ್ದಾಗಲೇ ಅವಸರದ ಗಿಡ, ಎಲೆ ಬೇಗ ಅಗಲವಾಗುತ್ತದೆ, ತೊಟ್ಟು ದಪ್ಪ. ಎಲೆಯ ಬುಡ ನೋಡಬೇಕು: ನಡುನರದ ಎರಡು ಬದಿಯ ಎಲೆ ತೊಟ್ಟಿಗೆ ಒಂದೇ ಕಡೆ ಕೂಡುವುದಿಲ್ಲ, ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ತೀರ ಎಳೆಯ ಸಸಿಯಾದರೆ ಬುಡದಲ್ಲಿ ಇನ್ನೂ ಉದುರದ ಬೀಜದೆಲೆಗಳು ಉದ್ದನೆ ಕತ್ತಿಯ ಹಾಗಿರುತ್ತವೆ. ಗಣಿಕೆಯವು ಗಿಡ್ಡ, ದುಂಡು. ಕಿವುಚಿ ಮೂಸಿದರೆ ಉಮ್ಮತ್ತಿ ಕೆಟ್ಟ ವಾಸನೆ. ದಂಟಿನ ಕುಲದ ಸೊಪ್ಪುಗಳಿಗೆ ಈ ವಾಸನೆಯಿಲ್ಲ, ಹಲವಕ್ಕೆ ಎಲೆತುದಿಯಲ್ಲಿ ಉಗುರಿನಿಂದ ಚಿವುಟಿದಂಥ ಸಣ್ಣ ಕಚ್ಚು ಇರುತ್ತದೆ.

ಗಣಿಕೆಯೂ ಪೂರ್ತಿ ಸಾಧುವಲ್ಲ ಅನ್ನಿ. ಹಸಿರು ಕಾಯಿ ತಿನ್ನಬಾರದು; ಹಣ್ಣಾಗಿ ಕಪ್ಪಾದ ಮೇಲೆ ಮಕ್ಕಳು ತಿನ್ನುತ್ತಾರೆ. ಯೂರೋಪಿನ ಎಷ್ಟೋ ಪುಸ್ತಕಗಳು ಇಡೀ ಗಿಡವನ್ನೇ ವಿಷವೆಂದು ಬರೆದಿವೆ, ಅದರಲ್ಲಿ ಅರ್ಧ ಹೆದರಿಕೆ ಬೆಲ್ಲಡೋನ ಎಂಬ ಅಲ್ಲಿನ ಬೇರೊಂದು ಗಿಡದ ಪಾಪ. ಬೆಲ್ಲಡೋನದ ಹಣ್ಣು ಒಂಟಿ, ದೊಡ್ಡದು, ಗಣಿಕೆಯದು ಗೊಂಚಲು. ಪರದೇಶದಲ್ಲಿರುವ ನಮ್ಮ ಹುಡುಗರು ಅಂತರ್ಜಾಲದಲ್ಲಿ ಓದಿ, ಅಮ್ಮ ಮಾಡುತ್ತಿದ್ದ ಸಾರು ವಿಷವಾಗಿತ್ತೇ ಎಂದು ಗಾಬರಿ ಬೀಳುವುದುಂಟು. ಅವರಿಗೆ ಕೀನ್ಯದ ಊಟ ತೋರಿಸಬೇಕು. ಅಲ್ಲಿ ಇದೇ ಕುಲದ ಸೊಪ್ಪಿಗೆ ಮನಗು ಎಂದು ಹೆಸರು, ಅದನ್ನು ಬೇಯಿಸಿ ತಿನ್ನುವುದು ಉಗಾಲಿ ಎಂಬ ಮುದ್ದೆಯ ಜೊತೆ.

ಬೇಯಿಸಿದರೆ ವಿಷ ಹೋಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಕೆಲವು ಹೋಗುತ್ತವೆ, ಕೆಲವು ನೀರಿಗೆ ಇಳಿಯುತ್ತವೆ, ಕೆಲವಕ್ಕೆ ಬೆಂಕಿ ತಾಕುವುದೇ ಇಲ್ಲ. ಕೆಸುವಿನ ತುರಿಕೆಗೆ ಹುಣಸೆ ಹಾಕಿ ಚೆನ್ನಾಗಿ ಬೇಯಿಸುವುದು ನಮಗೆ ಗೊತ್ತಿರುವ ಉಪಾಯ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೋಕ್ ಎಂಬ ವಿಷದ ಸೊಪ್ಪನ್ನು ಎರಡು ಮೂರು ಸಲ ಕುದಿಸಿ, ಪ್ರತಿ ಸಲವೂ ನೀರು ಚೆಲ್ಲಿ ತಿನ್ನುತ್ತಿದ್ದರು. ಅವರ ಉಪಾಯದ ಜೀವಾಳ ನೀರು ಚೆಲ್ಲುವುದರಲ್ಲಿದೆ. ಮಂಡ್ಯದ ಅಡುಗೆಮನೆಯಲ್ಲಿ ನೀರು ಚೆಲ್ಲುವವರು ಯಾರು? ಬಸ್ಸಾರು ಎಂಬ ಹೆಸರೇ ಬಸಿದ ನೀರಿನದು. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿಗೇ ಖಾರ ಕೂಡಿಸುತ್ತೇವೆ, ಸೊಪ್ಪನ್ನು ಪಲ್ಯ ಮಾಡುತ್ತೇವೆ. ಉಪ್ಸಾರಂತೂ ಆ ನೀರೇ. ಸೊಪ್ಪಿನ ಸತ್ವ ಒಂದು ಹನಿಯೂ ಹಾಳಾಗದ ಅಡುಗೆ ಎಂದು ನಾವು ಹೆಮ್ಮೆ ಪಡುವ ಇದೇ ಕ್ರಮದಲ್ಲಿ, ತಪ್ಪು ಗಿಡ ಬಿದ್ದರೆ ಅದರ ವಿಷವೂ ಒಂದು ಹನಿ ಹಾಳಾಗುವುದಿಲ್ಲ. ಉಮ್ಮತ್ತಿಯ ಕ್ಷಾರ ಮಾಮೂಲಿ ಅಡುಗೆಯ ಬಿಸಿಗೆ ಅಳಿಯುವುದೂ ಇಲ್ಲ. ನಮ್ಮ ಅಡುಗೆ ಮೊರವನ್ನು ನಂಬಿ ಹುಟ್ಟಿದ್ದು. ಒಲೆಯ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ.

ಮೊರದಾಚೆ ಬಿದ್ದ ಎರಡನೆಯದು ದೊಡ್ಡ ತಗಚೆ. ಅದರ ಕತೆ ಇನ್ನೂ ಕಹಿ. ತಗಚೆ ಸೊಪ್ಪು ಮೊದಲ ಮಳೆಗೆ ಏಳುವ, ಎಲ್ಲರೂ ತಿನ್ನುವ ಸೊಪ್ಪು. ಕರಾವಳಿಯ ತುಳುವರು ತಜಂಕ್ ಎಂದು ಕರೆದು ಆಟಿ ತಿಂಗಳಲ್ಲಿ ಹುಡುಕಿ ತಿನ್ನುತ್ತಾರೆ. ಅದರ ದಾಯಾದಿ ದೊಡ್ಡ ತಗಚೆಗೂ ಅಂಥದೇ ಹಳದಿ ಹೂವು, ಅಂಥದೇ ಜೋಡಿ ಜೋಡಿ ಎಲೆ, ಅದೇ ರಸ್ತೆ ಬದಿ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಬಿಜನೌರ್ ಸುತ್ತಮುತ್ತ ಮಳೆಗಾಲ ಮುಗಿಯುವ ಹೊತ್ತಿಗೆ ಪುಟ್ಟ ಮಕ್ಕಳು ವಾಂತಿ, ಜ್ವರ, ಮಂಪರು ಎಂದು ಬಂದು ಎರಡು ಮೂರು ದಿನದಲ್ಲಿ ಸಾಯುತ್ತಿದ್ದರು. ವರ್ಷಗಟ್ಟಲೆ ಇದನ್ನು ಮೆದುಳು ಜ್ವರ ಎಂದೇ ಬರೆದುಕೊಳ್ಳಲಾಗುತ್ತಿತ್ತು. ಅಲ್ಲಿನ ಮಕ್ಕಳ ವೈದ್ಯ ವಿಪಿನ್ ವಶಿಷ್ಠ ಮತ್ತು ಜೊತೆಯವರು 2007ರ ಹೊತ್ತಿಗೆ ಕಾರಣ ವೈರಸ್ ಅಲ್ಲ, ಮಕ್ಕಳು ಆಟವಾಡುತ್ತ ತಿಂದ ದೊಡ್ಡ ತಗಚೆಯ ಕಾಯಿ ಎಂದು ತೋರಿಸಿದರು. ಅದು ಯಕೃತ್ತು, ಸ್ನಾಯು, ಮೆದುಳು ಮೂರಕ್ಕೂ ಒಟ್ಟಿಗೇ ಹೊಡೆಯುತ್ತದೆ. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಜಪಾನಿ ಮೆದುಳು ಜ್ವರವೂ ಅಲ್ಲಿತ್ತು; ಆದರೆ ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಅವರಿದ್ದ ತಂಡ ಹೋಗಿ ನೋಡಿ, ಅನೇಕ ಸಾವುಗಳ ಹಿಂದೆ ಇದೇ ಗಿಡವಿದೆ ಎಂದಿತು. ಒಡಿಯಾದಲ್ಲಿ ಅದರ ಹೆಸರು ಬಡಾ ಚಕುಂಡಾ. ತಿನ್ನುವ ತಗಚೆ ಅಲ್ಲಿ ಚಕುಂಡಾ. ನಮ್ಮದು ತಗಚೆ, ದೊಡ್ಡ ತಗಚೆ. ಸಾವಿರ ಕಿಲೋಮೀಟರ್ ದೂರದ ಎರಡು ಭಾಷೆಗಳು ಒಂದೇ ಜೋಡಿಯನ್ನು ಒಂದೇ ರೀತಿ ಹೆಸರಿಟ್ಟು ಬೇರೆ ಮಾಡಿವೆ.

ಇವೆರಡನ್ನು ಹೂವಿಲ್ಲದೆಯೂ ಬೇರೆ ಮಾಡುವುದು ಸುಲಭ, ಎಣಿಸಲು ಬಂದರೆ ಸಾಕು. ತಿನ್ನುವ ತಗಚೆಗೆ ಒಂದು ಕಡ್ಡಿಗೆ ಸಾಮಾನ್ಯವಾಗಿ ಮೂರು ಜೋಡಿ ಎಲೆ, ತುದಿ ದುಂಡಗೆ. ದೊಡ್ಡ ತಗಚೆಗೆ ನಾಲ್ಕರಿಂದ ಆರು ಜೋಡಿ, ತುದಿ ಚೂಪು. ಕಾಯಿ ಬಿಟ್ಟ ಮೇಲೆ ಒಂದರದು ಉದ್ದ, ಸಪೂರ, ಕುಡುಗೋಲಿನ ಬಾಗು. ಇನ್ನೊಂದರದು ಚಪ್ಪಟೆ, ಅಂಚಿಗೆ ತಿಳಿ ಬಣ್ಣದ ಗೆರೆ. ವಾಸನೆ ಇಲ್ಲಿ ಕೆಲಸಕ್ಕೆ ಬಾರದು, ಎರಡೂ ನಾರುತ್ತವೆ. ಉಮ್ಮತ್ತಿಗೆ ನೆರವಾದ ಮೂಗು ತಗಚೆಗೆ ಬಂದಾಗ ಕೈಕೊಡುತ್ತದೆ.

ಒಂದು ಜೋಡಿಗೆ ಹೊಂದುವ ಪರೀಕ್ಷೆ ಇನ್ನೊಂದಕ್ಕೆ ಹೊಂದುವುದಿಲ್ಲ. ಎಲ್ಲರಿಗೂ ಬೇಕಾದದ್ದು ಮಾತ್ರ ಎಲ್ಲಕ್ಕೂ ಸಲ್ಲುವ ಒಂದು ಸೂತ್ರ. “ಹಾಲು ಬರುವ ಗಿಡ ತಿನ್ನಬಾರದು” ಎಂಬುದನ್ನೇ ನೋಡಿ. ಗೋಣಿ ಸೊಪ್ಪಿನ ಮಟ್ಟಿಗೆ ಇದು ಚಿನ್ನದಂಥ ಮಾತು. ಗೋಣಿಯೂ ನೆಲಕ್ಕೆ ಹರಡುತ್ತದೆ, ಅಚ್ಚೆ ಗಿಡದ ಜಾತಿಯವೂ ನೆಲಕ್ಕೆ ಹರಡುತ್ತವೆ, ಎರಡಕ್ಕೂ ಕೆಂಬಣ್ಣದ ಕಡ್ಡಿ. ಮುರಿದರೆ ಗೋಣಿಯಲ್ಲಿ ನೀರು, ಅಚ್ಚೆಯಲ್ಲಿ ಬಿಳಿ ಹಾಲು. ಎಲೆಯೂ ಗೋಣಿಯದು ಉಬ್ಬಿದ, ನೀರು ತುಂಬಿದ ಎಲೆ. ಇಷ್ಟಕ್ಕೇ ನಿಲ್ಲಿಸಿದರೆ ಸರಿ. ಅದನ್ನೇ ಶಾಸನ ಮಾಡಿದರೆ ಹಲಸು, ಅತ್ತಿ, ಕವಳೆ ಹಣ್ಣು ಎಲ್ಲ ಬಿಡಬೇಕಾಗುತ್ತದೆ. ಹಾಲಿಲ್ಲದ ಉಮ್ಮತ್ತಿಯನ್ನು ತಿನ್ನಬೇಕಾಗುತ್ತದೆ.

“ಹಕ್ಕಿ ತಿಂದದ್ದು ಮನುಷ್ಯನಿಗೂ ಆಗುತ್ತದೆ” ಎಂಬುದು ಇನ್ನೊಂದು. ಕೋಗಿಲೆ ಹಳದಿ ಕಣಗಿಲೆಯ ಹಣ್ಣನ್ನು ತಿಂದು ಹಾಡುತ್ತ ಹೋಗುತ್ತದೆ, ಅದರ ಬೀಜ ಮನುಷ್ಯನ ಹೃದಯ ನಿಲ್ಲಿಸಬಲ್ಲದು. ಕೆಲವು ಮೊಲಗಳ ರಕ್ತದಲ್ಲಿ ಅಟ್ರೋಪಿನ್ನನ್ನು ಒಡೆಯುವ ಕಿಣ್ವವೇ ಇದೆ. ಹುಳು ತಿಂದ ಎಲೆ ಒಳ್ಳೆಯದೆಂಬ ಮಾತೂ ಅಷ್ಟೇ. ಉಮ್ಮತ್ತಿಯ ಎಲೆ ತೂತಾಗದೆ ಉಳಿದದ್ದನ್ನು ನಾನು ನೋಡಿದ್ದು ಕಡಿಮೆ. ಕಹಿಯ ಬಗ್ಗೆ ಮಾತ್ರ ನನಗೆ ಗೌರವವಿದೆ. ಸೋರೆ, ಹೀರೆ, ಸೌತೆಯ ಕುಲದಲ್ಲಿ ಇದ್ದಕ್ಕಿದ್ದಂತೆ ಕಹಿ ಬಂದರೆ ಅದು ಗಿಡ ಕೊಡುವ ನೋಟಿಸು. ಆ ಕುಲದ ಕುಕರ್ಬಿಟಾಸಿನ್ ಎಂಬ ಕಹಿ ಕರುಳನ್ನು ಕೊರೆಯುತ್ತದೆ. ದಿಲ್ಲಿಯಲ್ಲಿ ಕಹಿ ಸೋರೆಕಾಯಿ ರಸ ಕುಡಿದವರೊಬ್ಬರು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಕೂರಿಸಿ, ಕಹಿ ರಸ ಕುಡಿಯಬೇಡಿ ಎಂದು ಹೇಳಬೇಕಾಯಿತು. ಆರೋಗ್ಯಕ್ಕೆ ಒಳ್ಳೆಯದೆಂದು ಮೂಗು ಹಿಡಿದು ಕುಡಿಯುವ ಚಟ ನಮ್ಮಲ್ಲಿ ಹೊಸದು. ಹಳೆಯ ಹೆಂಗಸರು ಸೌತೆಕಾಯಿಯ ತೊಟ್ಟು ಕೊಯ್ದು ನಾಲಗೆಗೆ ಮುಟ್ಟಿಸದೆ ಹೆಚ್ಚುತ್ತಿರಲಿಲ್ಲ.

ಹೆಸರುಗಳೂ ಮೋಸ ಮಾಡುತ್ತವೆ. 1998ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆ ತಿಂದವರ ಕಾಲು ಊದಿಕೊಂಡು, ಉಸಿರು ಕಟ್ಟಿ, 60ಕ್ಕೂ ಹೆಚ್ಚು ಜನ ಸತ್ತರು. ಸಾಸಿವೆಯ ಹಾಗೇ ಕಾಣುವ ಕರಿ ಬೀಜದ ಎಣ್ಣೆ ಅದರಲ್ಲಿ ಬೆರೆತಿತ್ತು. ಆ ಬೀಜದ ಗಿಡ ಹಳದಿ ಹೂವಿನ, ಮುಳ್ಳಿನ ಎಲೆಯ, ಮುರಿದರೆ ಹಳದಿ ರಸ ಬರುವ ಗಿಡ. ನಮ್ಮ ಬೀಳು ಹೊಲಗಳಲ್ಲಿ ಬೇಕಾದಷ್ಟಿದೆ. ಅದಕ್ಕೂ ನಮ್ಮಲ್ಲಿ ದತ್ತೂರಿ ಎನ್ನುತ್ತಾರೆ, ಉಮ್ಮತ್ತಿಗೂ ದತ್ತೂರಿ ಎನ್ನುತ್ತಾರೆ. ಎರಡಕ್ಕೂ ಸಂಬಂಧವಿಲ್ಲ, ವಿಷವೂ ಬೇರೆ ಬೇರೆ. ಬ್ರಾಹ್ಮಿ ಎಂದರೆ ಒಬ್ಬರಿಗೆ ಒಂದೆಲಗ, ಇನ್ನೊಬ್ಬರಿಗೆ ನೀರುಬ್ರಾಹ್ಮಿ. ಅಗಸೆ ಎಂದರೆ ನಮಗೆ ಸೊಪ್ಪಿನ ಮರ, ಹುಬ್ಬಳ್ಳಿಯವರಿಗೆ ಚಟ್ನಿಪುಡಿಯ ಬೀಜ. ಹಾಗಾಗಿ “ಅದು ತಿನ್ನೋದೇ, ನಮ್ಮೂರಲ್ಲಿ ತಿಂತಾರೆ” ಎಂದು ಫೋನಿನಲ್ಲಿ ಯಾರಾದರೂ ಹೇಳಿದರೆ, ಅವರು ನೋಡುತ್ತಿರುವ ಗಿಡ ಯಾವುದೆಂದು ಮೊದಲು ಕೇಳಿ. ನನ್ನ ಆಪ್ ಕೂಡ ಅವತ್ತು ಉಮ್ಮತ್ತಿಯ ಎಳೆ ಸಸಿಗೆ ಬದನೆ ಎಂದಿತ್ತು. ಕುಲ ಸರಿ, ಮನೆ ತಪ್ಪು.

ಗೆಡ್ಡೆಯ ವಿಷಯ ಮಂಡ್ಯದ ಬಯಲಿನಲ್ಲಿ ಅಷ್ಟಾಗಿ ಏಳುವುದಿಲ್ಲ. ಮಳವಳ್ಳಿ ದಾಟಿ ಮುತ್ತತ್ತಿ ಕಡೆಯ ಕುರುಚಲು ಕಾಡಿಗೆ ಇಳಿದರೆ ಏಳುತ್ತದೆ. ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಬೆಂಕಿಯಂತೆ ಕೆಂಪು ಹಳದಿ ಹೂವು ಬಿಡುವ ಬಳ್ಳಿಯೊಂದಿದೆ: ಗೌರಿ ಹೂವು, ಅಗ್ನಿಶಿಖೆ, ಕೋಳಿಕುಟುಮ. ಸಂಸ್ಕೃತದಲ್ಲಿ ಲಾಂಗಲಿ, ಅಂದರೆ ನೇಗಿಲಿನದು. ಅದರ ಗೆಡ್ಡೆ ನೇಗಿಲಿನ ಹಾಗೆ ಮಡಿಚಿಕೊಂಡಿರುತ್ತದೆ. ಬೇಸಿಗೆಯಲ್ಲಿ ಬಳ್ಳಿ ಒಣಗಿ ಗೆಡ್ಡೆಯೊಂದೇ ಉಳಿದಾಗ ಅದನ್ನು ಗೆಣಸೆಂದು ತಿಂದವರಿದ್ದಾರೆ. ಒಳಗಿರುವುದು ಕಾಲ್ಚಿಸಿನ್. ಮೊದಲು ವಾಂತಿ ಭೇದಿ, ಆಮೇಲೆ ಒಂದೊಂದೇ ಅಂಗ. ಬದುಕಿ ಉಳಿದವರಿಗೂ ವಾರ ಎರಡು ವಾರದ ಮೇಲೆ ತಲೆಗೂದಲು ಉದುರುತ್ತದೆ. ಬಳ್ಳಿ ಹಸಿರಾಗಿದ್ದರೆ ಗುರುತು ತಪ್ಪುವ ಮಾತೇ ಇಲ್ಲ. ಕಾಡುಗೆಣಸಿನ ಬಳ್ಳಿ ಕಾಂಡದಿಂದ ಸುತ್ತಿ ಹತ್ತುತ್ತದೆ, ಗೌರಿ ಹೂವಿನ ಬಳ್ಳಿ ತನ್ನ ಎಲೆಯ ತುದಿಯನ್ನೇ ಸುರುಳಿ ಮಾಡಿ ಹಿಡಿದುಕೊಂಡು ಹತ್ತುತ್ತದೆ. ಬಳ್ಳಿ ನೋಡದೆ ಗೆಡ್ಡೆ ಅಗೆಯಬಾರದು.

ಅಣಬೆಯನ್ನು ಈ ಅಂಕಣಕ್ಕೆ ತರುವ ಧೈರ್ಯ ನನಗಿಲ್ಲ. ಹುತ್ತದ ಅಣಬೆಯ ರುಚಿಯೂ ಗೊತ್ತು, ಬೆಳ್ಳುಳ್ಳಿ ಕಪ್ಪಾದರೆ ವಿಷ, ಬೆಳ್ಳಿ ಕಾಸು ಕಪ್ಪಾದರೆ ವಿಷ ಎಂಬ ಪರೀಕ್ಷೆಗಳು ಬರೀ ಸುಳ್ಳು ಎಂಬುದೂ ಗೊತ್ತು. ಅತಿ ಕೆಟ್ಟ ಅಣಬೆಗಳು ತಿಂದ ಆರು ಗಂಟೆಯ ತನಕ, ಒಮ್ಮೊಮ್ಮೆ ಇಡೀ ದಿನ, ಸುಮ್ಮನಿರುತ್ತವೆ. ಅಷ್ಟೊತ್ತಿಗೆ ಯಕೃತ್ತು ಕೈಬಿಡುವ ಹಾದಿ ಹಿಡಿದಿರುತ್ತದೆ.

ಬೇಲಿಯ ಮರಹರಳಿನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ದನ ಮುಟ್ಟುವುದಿಲ್ಲವೆಂದೇ ಅದನ್ನು ಬೇಲಿಗೆ ನೆಡುತ್ತಾರೆ. ಮಕ್ಕಳಿಗೆ ಆ ವಿವೇಕ ಇರುವುದಿಲ್ಲ. ಬೀಜ ಒಡೆದರೆ ಒಳಗೆ ಬಿಳಿ ತಿರುಳು, ತಿನ್ನಲು ಕಡಲೆಕಾಯಿಯಷ್ಟೇ ರುಚಿ. ಆಟದ ಬಯಲಿನಿಂದ ಹತ್ತಾರು ಮಕ್ಕಳು ಒಟ್ಟಿಗೇ ವಾಂತಿ ಮಾಡಿಕೊಳ್ಳುತ್ತ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂದರೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಗುಲಗಂಜಿ ಅದಕ್ಕಿಂತ ಕೆಟ್ಟದ್ದು, ಆದರೆ ಅದರ ಸಿಪ್ಪೆ ಗಟ್ಟಿ. ಅಗಿಯದೆ ನುಂಗಿದರೆ ಎಷ್ಟೋ ಸಲ ಹಾಗೇ ಹೊರಬಂದುಬಿಡುತ್ತದೆ. ಅಗಿದರೆ ಆ ಅದೃಷ್ಟವಿಲ್ಲ.

ಏನನ್ನೇ ತಿಂದು ಏರುಪೇರಾದರೂ ಮಾಡಬೇಕಾದ ಕೆಲಸ ಸಣ್ಣದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಬೇಡ. 108ಕ್ಕೆ ಫೋನ್ ಮಾಡಿ. ಜೊತೆಗೆ ಸೋಸಿ ಬಿಸಾಕಿದ ಕಸ, ಉಳಿದ ಸಾರು, ಸಾಧ್ಯವಾದರೆ ಬೇರು ಸಮೇತ ಗಿಡ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರಿಗೆ ಅರ್ಧ ದಾರಿ ಅದೇ ತೋರಿಸುತ್ತದೆ.

ಇಷ್ಟು ಬರೆದ ಮೇಲೂ ಮಂಡ್ಯ ಸೀಮೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಉಮ್ಮತ್ತಿಯಲ್ಲ, ಗುರುತು ಸರಿಯಾಗಿಯೇ ಸಿಕ್ಕಿದ ಒಳ್ಳೆಯ ಸೊಪ್ಪು. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದಾಗ ತೇವ ಬೇಡುವ ಸೊಪ್ಪುಗಳಿಗೆ ನಾಲೆ ಏರಿ, ಗದ್ದೆ ತೆವರಿ ತವರಾದವು. ಕಬ್ಬು, ಭತ್ತದ ಕಳೆಯನ್ನು ಆಗ ಕೀಳುತ್ತಿದ್ದುದು ಹೆಂಗಸರ ಕೈ. ಕಳೆ ಕೀಳುವ ಸಾಲಿನಲ್ಲೇ ಸೊಪ್ಪಿನ ಪಾಠವೂ ನಡೆಯುತ್ತಿತ್ತು: ಇದು ಮಡಿಲಿಗೆ, ಇದು ಬದುವಿಗೆ. ದಿನಕ್ಕೆ ಸಾವಿರ ಸಲ ನೋಡಿದ ಗಿಡದ ಬೆನ್ನು ಕಂಡರೂ ಗುರುತಾಗದೆ ಏನು? ಈಗ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಕಳೆನಾಶಕ ಹೊಡೆಯುತ್ತಾರೆ. ರೈತನನ್ನು ಇದಕ್ಕೆ ದೂರುವ ಮನಸ್ಸು ನನಗಿಲ್ಲ, ಆ ಲೆಕ್ಕ ನನಗೂ ಗೊತ್ತು. ಆದರೆ ಹೊಡೆದ ಔಷಧಿ ಯಾವುದೆಂದು ಸೊಪ್ಪು ಕುಯ್ಯುವವರಿಗೆ ತಿಳಿಯುವುದಿಲ್ಲ. ಪ್ಯಾರಾಕ್ವಾಟ್ ಬಿದ್ದರೆ ಒಂದೆರಡು ದಿನದಲ್ಲೇ ಎಲೆ ಸುಟ್ಟು ಕಂದಾಗುತ್ತದೆ, ಕಣ್ಣಿಗೆ ಕಾಣುತ್ತದೆ. 2,4-ಡಿ ಬಿದ್ದ ಗಿಡ ಹಸಿರಾಗಿಯೇ ಇದ್ದು ದಂಟು ತಿರುಚಿಕೊಳ್ಳುತ್ತದೆ, ಎಲೆ ನುಲಿಯುತ್ತದೆ, ಅಂಥದ್ದನ್ನು ಮುಟ್ಟಬೇಡಿ. ಗ್ಲೈಫೋಸೇಟ್ ಅತಿ ಮೋಸದ್ದು. ಬಿದ್ದು ಹಲವು ದಿನ ಗಿಡ ಏನೂ ಆಗದಂತೆ ನಿಂತಿರುತ್ತದೆ. ಸಾಯಲು ಕಾದಿರುವ ಸೊಪ್ಪು ಮಡಿಲಲ್ಲಿ ತಾಜಾ ಕಾಣುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಪರವಾನಗಿಯ ಕೀಟ ನಿಯಂತ್ರಕರ ಹೊರತು ಬೇರೆಯವರು ಬಳಸುವಂತಿಲ್ಲ ಎಂದು ಆದೇಶ ಹೊರಡಿಸಿತು.

ಹೊನಗನ್ನೆ, ಒಂದೆಲಗಕ್ಕೆ ಇನ್ನೊಂದು ಕಾಟ, ನಿಂತ ನೀರಿನದು. ಚರಂಡಿ ಸೇರುವ ಕಾಲುವೆಯ ಪಕ್ಕದ ಸೊಪ್ಪು ನೀರಿನಲ್ಲಿದ್ದದ್ದನ್ನೆಲ್ಲ ಹೀರಿಕೊಂಡಿರುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಹಬ್ಬಿರುವ ಹೊನಗನ್ನೆಯ ವಿದೇಶಿ ದಾಯಾದಿಯೂ ಹಾಗೆಯೇ. ಅದರ ಕಾಂಡ ಟೊಳ್ಳು, ಬಿಳಿ ಹೂಗುಚ್ಛ ಕಡ್ಡಿಯ ಮೇಲೆ ನಿಂತಿರುತ್ತದೆ. ನಮ್ಮ ಹೊನಗನ್ನೆಯ ಹೂವು ಗೆಣ್ಣಿಗೇ ಅಂಟಿಕೊಂಡಿರುತ್ತದೆ.

ದೊಡ್ಡವ್ವನ ಸೊಪ್ಪಿನ ದಾರಿ ಈಗ ಬದಲಾಗಿದೆ. ಕಬ್ಬಿನ ಗದ್ದೆಯ ಕಡೆ ಅವಳು ಹೋಗುವುದಿಲ್ಲ. ರೇಷ್ಮೆ ಸಾಕುವವರ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಾಳೆ. ಎಲೆಗೆ ಔಷಧಿ ತಾಗಿದರೆ ಹುಳು ಸಾಯುತ್ತದೆಂದು ಅವರು ಕೈ ಬಿಗಿ ಹಿಡಿದಿರುತ್ತಾರೆ. ಹೋದವಳು ಮೊದಲು ಕೇಳುವುದು, “ಏನಪ್ಪ, ವಸಿ ದಿನದಿಂದೀಚೆಗೆ ಏನಾರ ಹೊಡ್ದಿದ್ದೀಯಾ?”

ಅವಳು ಬಿಸಾಕಿದ ಮೂರು ಗಿಡಗಳನ್ನು ನಾನು ಬಿಸಾಕಲಿಲ್ಲ. ಬೇರಿತ್ತಲ್ಲ, ಬಣ್ಣದ ಹಳೆಯ ಬಕೆಟ್ಟಿನಲ್ಲಿ ಮಣ್ಣು ತುಂಬಿ ನೆಟ್ಟು ಬೆಂಗಳೂರಿಗೆ ತಂದೆ. ಹೂವು ಬಿಡಲಿ, ಆಗ ಪುಸ್ತಕ ತೆರೆದು ನೋಡೋಣವೆಂದು. ಗಣೇಶನ ಹಬ್ಬದ ಹೊತ್ತಿಗೆ ಉಮ್ಮತ್ತಿ ಒಂದು ಸಂಜೆ ಬಿಳಿ ಕಹಳೆ ಬಿಚ್ಚಿತು. ದೊಡ್ಡ ತಗಚೆ ಹಳದಿ ಹೂವು ಬಿಟ್ಟು, ಆಮೇಲೆ ಚಪ್ಪಟೆ ಕಾಯಿ ಬಿಟ್ಟಿತು. ಪಕ್ಕದ ಮನೆಯ ಮಗು ಬರುತ್ತದೆಂದು ಕಿತ್ತು ಹಾಕಿದೆ. ಮೂರನೆಯದು ಉದ್ದುದ್ದ ಬೆಳೆಯಿತು, ಹೂವು ಬಿಡಲಿಲ್ಲ. ಆಪ್ ನಾಲ್ಕು ಸಲಕ್ಕೆ ನಾಲ್ಕು ಹೆಸರು ಹೇಳಿತು. ದೀಪಾವಳಿಗೆ ದೊಡ್ಡವ್ವ ಬಂದಾಗ ಬಾಲ್ಕನಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಬಗ್ಗಿ, ಎಲೆ ತಿರುಗಿಸಿ ಬೆನ್ನು ನೋಡಿದಳು, ಕಿವುಚಿ ಮೂಸಿದಳು, ಕಡ್ಡಿ ಮುರಿದು ನೋಡಿದಳು.

“ನಂಗೂ ತಿಳೀದು ಕಣ್ ಮಗ,” ಅಂದಳು. “ಅದ್ಕೇ ಅವತ್ತು ಬಿಸಾಕಿದ್ದು.”